ಘಾಟಿಯ ಮಂಜು, ಗಾಡಿಯ ಮಂಜುದೀಪ



ಮಂಗಳೂರಿನ ಮಣ್ಣಗುಡ್ಡದಲ್ಲಿ ದಾರಿ ಕಾಣದಷ್ಟು ಮಂಜು ಬೀಳುವುದು ಅಪರೂಪ. ಸಮುದ್ರ ಹತ್ತಿರದ ಸೆಕೆಯ ಊರು ಅದು. ಆದರೂ ರಾತ್ರಿ ಎಂಟು ಗಂಟೆಗೆ ಅಲ್ಲಿನ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಬಂಪರಿನ ಕೆಳಗಿನ ಮಂಜುದೀಪಗಳನ್ನೂ ಉರಿಸಿಕೊಂಡು ಬರುವ ಕಾರುಗಳು, ಜೀಪುಗಳು ಎಷ್ಟೋ ಕಾಣುತ್ತವೆ. ಅವುಗಳಲ್ಲಿ ಕೆಲವು ಮರುದಿನ ಬೆಳಗಿನ ಜಾವ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಸಂಪಾಜೆಯನ್ನೋ ಹತ್ತುತ್ತವೆ. ಅಲ್ಲಿ ನಿಜವಾದ ಮಂಜು ಎದುರಾದಾಗ ಚಾಲಕನ ಕೈ ಹೋಗುವುದು ಬ್ರೈಟ್ ದೀಪದ ಕಡೆಗೆ. ಬೇಡವಾದಲ್ಲಿ ಉರಿಯುವ ಮಂಜುದೀಪ, ಬೇಕಾದಲ್ಲಿ ನೆನಪಿಗೇ ಬರುವುದಿಲ್ಲ.

ಕಾಫಿ ಗೋಣಿ, ಅಡಿಕೆ, ಗೊಬ್ಬರ, ಮೈಲುತುತ್ತು ಎಂದು ವರ್ಷವಿಡೀ ಘಾಟಿ ಹತ್ತಿ ಇಳಿಯುವವರು ನಾವು. ಹಲವರು ಗಾಡಿಯನ್ನು ಸ್ವತಃ ನಡೆಸುತ್ತೇವೆ. ಆದುದರಿಂದ ಈ ಸಂಚಿಕೆಯಲ್ಲಿ ಗಿಡದ ರೋಗದ ಪಾಠವನ್ನು ಬದಿಗಿಟ್ಟು, ಮಂಜಿನಲ್ಲಿ ದೀಪವನ್ನು ಯಾವಾಗ, ಹೇಗೆ ಉಪಯೋಗಿಸಬೇಕೆಂಬುದನ್ನು ತಿಳಿಯೋಣ.

ನಮಗೇ ಆದ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳು. ಎರಡನೇ ಸಲದ ಬೋರ್ಡೋ ಸಿಂಪಡಣೆಗೆಂದು ಮೈಲುತುತ್ತು ಮತ್ತು ಸುಣ್ಣ ಕೊಂಡು, ರಾತ್ರಿ ಮಣ್ಣಗುಡ್ಡದ ಬಂಧುಗಳ ಮನೆಯಲ್ಲಿ ಉಳಿದೆವು. ಮಳೆ ಒಂದು ದಿನ ಬಿಡುವು ಕೊಟ್ಟೀತೆಂಬ ಆಸೆ. ಬೆಳಿಗ್ಗೆ ಎಂಟಕ್ಕೆ ಸ್ಪ್ರೇಯ ಆಳುಗಳು ತೋಟಕ್ಕೆ ಬರುವವರಿದ್ದರು. ಹಾಗಾಗಿ ಮೂರು ಗಂಟೆಗೇ ಪಿಕಪ್ ಹೊರಡಿಸಿದೆವು. ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ ದಾಟುವ ತನಕ ರಸ್ತೆ ಕನ್ನಡಿಯಂತೆ ಸ್ವಚ್ಛವಾಗಿತ್ತು. ಚಾರ್ಮಾಡಿಯ ತಿರುವುಗಳಲ್ಲಿ ಅರ್ಧ ಹತ್ತಿದಾಗ ಒಮ್ಮೆಲೇ ಎದುರಿಗೆ ಬಿಳಿ ಗೋಡೆ ಎದ್ದಿತು. ಕಾಣದಿದ್ದುದಕ್ಕೆ ಇನ್ನಷ್ಟು ಬೆಳಕು ಬೇಕೆಂದು ಬ್ರೈಟ್ ಹಾಕಿದೆವು. ಗೋಡೆ ಇನ್ನಷ್ಟು ಬಿಳಿಯಾಯಿತು. ಆ ಬಿಳುಪಿನೊಳಗಿಂದ ಕೆಟ್ಟು ನಿಂತ ಲಾರಿಯೊಂದರ ಹಿಂಭಾಗ ಕಾಣಿಸಿಕೊಂಡಾಗ ನಡುವೆ ಉಳಿದದ್ದು ಹೆಚ್ಚೆಂದರೆ ಎರಡು ಮಾರು ಜಾಗ. ಬ್ರೇಕ್ ಹಿಡಿಯಿತು, ದೇವರು ದೊಡ್ಡವನು.

ಲಾರಿಯ ಬಳಿ ನಿಂತಿದ್ದ ವಯಸ್ಸಾದ ಚಾಲಕರು ಬೈಯಲಿಲ್ಲ. "ಡಿಮ್ ಮಾಡಿ ಸ್ವಾಮೀ. ನೀವು ಮಂಜು ನೋಡ್ಲಿಕ್ಕೆ ಬಂದದ್ದಾ, ಮಾರ್ಗ ನೋಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದರು. ಈ ಲೇಖನವೆಲ್ಲ ಆ ಒಂದು ಪ್ರಶ್ನೆಯ ವಿವರಣೆ ಎಂದು ತಿಳಿದರೂ ಸರಿಯೇ.

ಮಂಜು ಎಂದರೇನು?

ಗಾಳಿಯಲ್ಲಿ ತೇಲುವ ಅತಿ ಸಣ್ಣ ನೀರಹನಿಗಳ ಗುಂಪೇ ಮಂಜು. ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ, ಇಂಥ ಹನಿಗಳಿಂದಾಗಿ 1000 ಮೀಟರಿನಾಚೆಗಿನದು ಕಾಣದಂತಾದರೆ ಅದನ್ನು ಮಂಜು ಎನ್ನುತ್ತಾರೆ. ಗಾಡಿ ನಡೆಸುವವನಿಗೆ ತೊಂದರೆ ಆರಂಭವಾಗುವುದು ಅದು 200 ಮೀಟರಿಗಿಂತ ಕಡಿಮೆಯಾದಾಗ. ನಿಜವಾದ ಅಪಾಯ 100 ಮೀಟರಿಗಿಂತ ಕಡಿಮೆಯಾದಾಗ.

ನಮ್ಮ ಪ್ರದೇಶದಲ್ಲಿ ಮಂಜು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮಳೆಗಾಲದ್ದು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರುವಾಗ ತಣಿಯುತ್ತದೆ, ತಣಿದಾಗ ಮೋಡವಾಗುತ್ತದೆ. ಆ ಮೋಡ ಬೆಟ್ಟದ ಮೈಗೆ ತಾಗಿಕೊಂಡಿರುವಲ್ಲಿ ನಮ್ಮ ರಸ್ತೆ ಹಾದುಹೋಗುತ್ತದೆ. ಅಂದರೆ ಕೊಟ್ಟಿಗೆಹಾರದಲ್ಲೋ ಮಡಿಕೇರಿಯ ಇಳಿಜಾರಿನಲ್ಲೋ ನಾವು ಗಾಡಿ ನಡೆಸುವುದು ಮೋಡದ ಒಳಗೆ. ಈ ಮಂಜಿಗೆ ಹೊತ್ತು ಗೊತ್ತಿಲ್ಲ. ನಡು ಮಧ್ಯಾಹ್ನವೂ ಬರುತ್ತದೆ. ಒಂದು ತಿರುವಿನಲ್ಲಿ ಇಲ್ಲದ್ದು ಮುಂದಿನ ತಿರುವಿನಲ್ಲಿ ಇರುತ್ತದೆ.

ಎರಡನೆಯದು ಚಳಿಗಾಲದ್ದು. ಮೋಡವಿಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹೋಗುತ್ತದೆ. ನೆಲ ತಣಿದು, ಅದಕ್ಕೆ ತಾಗಿದ ಗಾಳಿಯೂ ತಣಿದು, ಹೊಳೆ, ಗದ್ದೆ, ಕೆರೆ ಇರುವ ತಗ್ಗಿನಲ್ಲಿ ಮಂಜು ಕೂರುತ್ತದೆ. ಇದು ರಾತ್ರಿ ಕಳೆದಂತೆ ದಟ್ಟವಾಗಿ, ಬೆಳಗಿನ ಜಾವ ಅತಿ ಹೆಚ್ಚಾಗಿ, ಬಿಸಿಲೇರಿದ ಮೇಲೆ ಕರಗುತ್ತದೆ. ನಮ್ಮ ಕಾಫಿ ಕೊಯ್ಲು, ಅಡಿಕೆ ಕೊಯ್ಲು, ಕೆಲಸದವರ ಓಡಾಟ ಎಲ್ಲವೂ ಇದೇ ತಿಂಗಳುಗಳಲ್ಲಿ, ಇದೇ ಹೊತ್ತಿನಲ್ಲಿ ಎಂಬುದನ್ನು ಗಮನಿಸಬೇಕು.

ತೋಟದಲ್ಲೇ ಮಾಡಬಹುದಾದ ಒಂದು ಪ್ರಯೋಗ

ಮಂಜು ಕವಿದ ರಾತ್ರಿ ತೋಟಕ್ಕೆ ಹೋಗುವಾಗ, ಹಣೆಗೆ ಕಟ್ಟುವ ಟಾರ್ಚನ್ನು ಉರಿಸಿ ನೋಡಿರಿ. ಕಣ್ಣೆದುರು ಬರೇ ಬೆಳ್ಳಗೆ, ಕಾಲದಾರಿ ಕಾಣುವುದಿಲ್ಲ. ಈಗ ಅದೇ ಟಾರ್ಚನ್ನು ಬಿಚ್ಚಿ ಮೊಣಕಾಲಿನ ಮಟ್ಟದಲ್ಲಿ ಹಿಡಿದು, ನೆಲದ ಕಡೆಗೆ ತುಸು ಬಾಗಿಸಿರಿ. ದಾರಿ, ಬೇರು, ಚರಂಡಿ ಎಲ್ಲ ಕಾಣತೊಡಗುತ್ತವೆ. ಟಾರ್ಚು ಅದೇ, ಬ್ಯಾಟರಿ ಅದೇ, ಮಂಜೂ ಅದೇ. ಬದಲಾದದ್ದು ದೀಪದ ಎತ್ತರ ಮತ್ತು ದಿಕ್ಕು ಮಾತ್ರ.

ಕಾರಣ ಸರಳ. ಮಂಜಿನ ಒಂದೊಂದು ಹನಿಯೂ ಬೆಳಕನ್ನು ಎಲ್ಲಾ ಕಡೆಗೆ ಚೆದರಿಸುತ್ತದೆ. ಅದರಲ್ಲಿ ಒಂದು ಪಾಲು ನಮ್ಮ ಕಡೆಗೇ ಹಿಂದಿರುಗುತ್ತದೆ. ದೀಪ ಕಣ್ಣಿನ ಮಟ್ಟದಲ್ಲಿದ್ದು, ನಾವು ನೋಡುವ ಗೆರೆಯಲ್ಲೇ ಬೆಳಕು ಹೋದರೆ, ಆ ಗೆರೆಯ ಹನಿಗಳೆಲ್ಲ ಹೊಳೆದು ಕಣ್ಣು ಕುಕ್ಕುತ್ತವೆ. ಸುಣ್ಣ ಬಳಿದ ಗೋಡೆಗೆ ಟಾರ್ಚು ಹೊಡೆದ ಹಾಗೆ. ದೀಪ ಕೆಳಗಿದ್ದು, ಬೆಳಕು ನೆಲವನ್ನೇ ಹಿಡಿದು ಹೋದರೆ, ಕಣ್ಣಿನ ಎದುರಿನ ಹನಿಗಳು ಹೊಳೆಯುವುದಿಲ್ಲ. ನೆಲ ಮಾತ್ರ ಬೆಳಗುತ್ತದೆ.

ಬ್ರೈಟ್ ದೀಪವೆಂದರೆ ಹಣೆಯ ಟಾರ್ಚು. ಮಂಜುದೀಪವೆಂದರೆ ಮೊಣಕಾಲಿನ ಟಾರ್ಚು. ಇಷ್ಟು ತಿಳಿದರೆ ಅರ್ಧ ಪಾಠ ಮುಗಿಯಿತು.

ಮುಂದಿನ ದೀಪ, ಹಿಂದಿನ ದೀಪ

ಮುಂಭಾಗದ ಮಂಜುದೀಪ ಬಂಪರಿನ ಕೆಳಗೆ ಇರುತ್ತದೆ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡುತ್ತದೆ. ಮೇಲ್ಭಾಗವನ್ನು ಕತ್ತಿಯಿಂದ ಕಡಿದಂತೆ ಕತ್ತರಿಸಿರುತ್ತಾರೆ. ರಸ್ತೆಯ ಎರಡೂ ಅಂಚು, ಬಿಳಿ ಪಟ್ಟೆ, ಚರಂಡಿ, ತಡೆಗಲ್ಲು ಇವು ಕಾಣಲೆಂದೇ ಅದು ಇರುವುದು. ದೂರ ಕಾಣಿಸುವ ದೀಪ ಅದಲ್ಲ. ಸರಿಯಾಗಿ ಕೂರಿಸಿದ ಮಂಜುದೀಪದ ಬೆಳಕು ಗಾಡಿಯ ಮುಂದೆ ನಾಲ್ವತ್ತು ಐವತ್ತು ಮೀಟರಿನೊಳಗೇ ನೆಲ ಮುಟ್ಟಿ ಮುಗಿಯುತ್ತದೆ. ಆದುದರಿಂದ ಮಂಜುದೀಪ ಹಾಕಿದೆವೆಂದು ವೇಗ ಹೆಚ್ಚಿಸುವುದು ದೊಡ್ಡ ತಪ್ಪು. ನಿಧಾನವಾಗಿ ಹೋಗುವವನಿಗೆ ಮಾತ್ರ ಆ ದೀಪ ಸಹಾಯ ಮಾಡುತ್ತದೆ.

ಹಿಂಭಾಗದ ಮಂಜುದೀಪ ಬೇರೆಯೇ ವಸ್ತು. ಅದು ನಮಗೆ ಕಾಣಿಸಲಿಕ್ಕಲ್ಲ, ಹಿಂದಿನವನಿಗೆ ನಾವು ಕಾಣಲಿಕ್ಕೆ. ಸಾಮಾನ್ಯ ಹಿಂದೀಪಕ್ಕಿಂತ ಬಹಳ ಪ್ರಖರವಾದ ಕೆಂಪು ದೀಪ. ಒಂದೇ ಇದ್ದರೆ ನಮ್ಮ ದೇಶದಲ್ಲಿ ಅದು ಬಲಬದಿಯಲ್ಲಿರುತ್ತದೆ. ಹಾಗಾಗಿ ಒಂದೇ ಕೆಂಪು ಹೆಚ್ಚು ಉರಿಯುವುದನ್ನು ಕಂಡು ಇನ್ನೊಂದು ಬಲ್ಬು ಹೋಗಿದೆ ಎಂದು ಭಾವಿಸಬಾರದು. ಎಲ್ಲಾ ಗಾಡಿಗಳಿಗೂ ಈ ದೀಪ ಇರುವುದಿಲ್ಲ. ನಿಮ್ಮದಕ್ಕೆ ಇದೆಯೇ ಎಂದು ನೋಡಿಕೊಳ್ಳಿ.

ಗುಂಡಿಯ ಮೇಲಿನ ಚಿತ್ರವನ್ನು ಗುರುತಿಸುವುದು ಹೀಗೆ. ದೀಪದ ಚಿತ್ರದಿಂದ ಎಡಕ್ಕೆ ಕೆಳಮುಖವಾಗಿ ಓರೆ ಗೆರೆಗಳು ಹೊರಟು, ಅವನ್ನು ಒಂದು ಅಲೆಯಂಥ ಗೆರೆ ದಾಟಿದ್ದರೆ ಅದು ಮುಂದಿನ ಮಂಜುದೀಪ. ಉರಿಯುವಾಗ ಡ್ಯಾಶ್‌ಬೋರ್ಡಿನಲ್ಲಿ ಹಸಿರಾಗಿ ಕಾಣುತ್ತದೆ. ಗೆರೆಗಳು ಬಲಕ್ಕೆ ನೇರವಾಗಿದ್ದು ಅಲೆಗೆರೆ ದಾಟಿದ್ದರೆ ಹಿಂದಿನದು. ಅದು ಹಳದಿಯಾಗಿ ಕಾಣುತ್ತದೆ. ಮನೆಯ ಅಂಗಳದಲ್ಲಿ ಹಗಲೇ ಈ ಗುಂಡಿಗಳನ್ನು ಹುಡುಕಿ ಒತ್ತಿ ಕಲಿಯಬೇಕು. ಘಾಟಿಯ ತಿರುವಿನಲ್ಲಿ ಕತ್ತಲಲ್ಲಿ ತಡಕಾಡುವುದಲ್ಲ.

ಹಳದಿ ದೀಪ ಮಂಜನ್ನು ಸೀಳುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಫ್ರಾನ್ಸಿನಲ್ಲಿ 1936ರ ಕಾನೂನಿನಂತೆ 1993ರ ತನಕ ಗಾಡಿಗಳ ಮುಂದೀಪ ಹಳದಿಯೇ ಇರಬೇಕಿತ್ತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡದಾದುದರಿಂದ, ಅದು ಹಳದಿಯನ್ನೂ ಬಿಳಿಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದರಿಸುತ್ತದೆ. ಹಳದಿ ಕೆಲವರ ಕಣ್ಣಿಗೆ ತುಸು ಹಿತವಾದೀತು, ಅಷ್ಟೆ. ಬಣ್ಣಕ್ಕಿಂತ ದೀಪದ ಎತ್ತರ ಮತ್ತು ಬಾಗು ಮುಖ್ಯ. ಮುಂದೀಪಕ್ಕೆ ಹಳದಿ ಕಾಗದ ಅಂಟಿಸುವುದರಿಂದ ಬೆಳಕು ನಷ್ಟವೇ ಹೊರತು ಲಾಭವಿಲ್ಲ.

ಯಾವಾಗ ಹಾಕಬೇಕು?

ಇದನ್ನು ಅಂದಾಜಿಗೆ ಬಿಡದೆ ಅಳತೆಯಿಂದ ತೀರ್ಮಾನಿಸಬೇಕು. ಹೆದ್ದಾರಿಯ ಬದಿಯಲ್ಲಿ ಕಿಲೋಮೀಟರು ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ 2, 4, 6, 8 ಎಂದು ಬರೆದ ಸಣ್ಣ ಕಲ್ಲುಗಳಿರುತ್ತವೆ. ಒಂದು ಕಲ್ಲಿನ ಬಳಿ ಇರುವಾಗ ಮುಂದಿನದು ಇರುವ ಜಾಗ ಸ್ಪಷ್ಟವಾಗಿ ಕಾಣದಿದ್ದರೆ, ತಿರುವಿನಿಂದಲ್ಲ ಮಂಜಿನಿಂದಲೇ ಕಾಣದಿದ್ದರೆ, ಹಗಲಾದರೂ ಮುಂದೀಪವನ್ನು ಡಿಮ್‌ನಲ್ಲಿ ಹಾಕಬೇಕು. ಅದರ ಅರ್ಧದಷ್ಟು, ಅಂದರೆ 100 ಮೀಟರು ಕೂಡ ಕಾಣದಿದ್ದರೆ ಮುಂದಿನ ಮಂಜುದೀಪವನ್ನೂ ಹಾಕಬೇಕು. 50 ಮೀಟರಿಗೆ ಇಳಿದರೆ ಹಿಂದಿನ ಮಂಜುದೀಪವನ್ನೂ ಹಾಕಬೇಕು.

ಹೊರದೇಶಗಳ ನಿಯಮಗಳೂ ಇದೇ ದಾರಿಯಲ್ಲಿವೆ. ಬ್ರಿಟನ್ನಿನಲ್ಲಿ 100 ಮೀಟರಿಗಿಂತ ಕಡಿಮೆ ಕಾಣುವಾಗಲೇ ಮಂಜುದೀಪ, ಮಂಜು ಸರಿದೊಡನೆ ಆರಿಸತಕ್ಕದ್ದು. ಜರ್ಮನಿಯಲ್ಲಿ ಹಿಂದಿನ ಮಂಜುದೀಪ 50 ಮೀಟರಿಗಿಂತ ಕಡಿಮೆ ಕಾಣುವಾಗ ಮಾತ್ರ. ಆಗ ವೇಗವೂ ಗಂಟೆಗೆ 50 ಕಿಲೋಮೀಟರನ್ನು ಮೀರಬಾರದು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಕೂಡ ರಾತ್ರಿ ಮಾತ್ರವಲ್ಲ, ಸಾಕಷ್ಟು ಬೆಳಕಿಲ್ಲದ ಹೊತ್ತಿನಲ್ಲೂ ದೀಪ ಉರಿಸಬೇಕೆಂದು ಹೇಳುತ್ತವೆ.

ಹೊಸ ಕಾರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅನೇಕ ಕಾರುಗಳಲ್ಲಿ ಇಂಜಿನ್ ಚಾಲೂ ಮಾಡಿದೊಡನೆ ಮುಂದೆ ಒಂದು ಹಗಲುದೀಪ ತಾನಾಗಿ ಉರಿಯುತ್ತದೆ. ಅದನ್ನು ಕಂಡು ದೀಪ ಉರಿಯುತ್ತಿದೆ ಎಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ಹಲವು ಗಾಡಿಗಳಲ್ಲಿ ಆಗ ಹಿಂದೀಪ ಉರಿಯುವುದಿಲ್ಲ. ಹಗಲಿನ ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಗೆ ನಾವು ಇಲ್ಲವೇ ಇಲ್ಲ. ಆದುದರಿಂದ ಗುಂಡಿ ತಿರುಗಿಸಿ ಡಿಮ್ ಹಾಕಲೇಬೇಕು.

ಹೇಗೆ ನಡೆಸಬೇಕು?

ಮಂಜಿನಲ್ಲಿ ಒಂದೇ ನಿಯಮ: ಕಾಣುವಷ್ಟು ದೂರದೊಳಗೆ ಗಾಡಿ ನಿಲ್ಲಬೇಕು. ಎಷ್ಟು ದೂರ ಬೇಕೆಂಬುದಕ್ಕೆ ನಾವೊಂದು ಲೆಕ್ಕ ಹಾಕಿದ್ದೇವೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು, ರಸ್ತೆ ಒದ್ದೆ, ಟಯರು ಒಳ್ಳೆಯದು, ನೆಲ ಸಮತಟ್ಟು ಎಂದಿಟ್ಟುಕೊಂಡರೆ ಗಾಡಿ ನಿಲ್ಲಲು ಬೇಕಾಗುವ ದೂರ ಸುಮಾರು ಹೀಗಿದೆ:

ಗಂಟೆಗೆ 20 ಕಿ.ಮೀ. ವೇಗದಲ್ಲಿ 12 ಮೀಟರು
30 ಕಿ.ಮೀ. ವೇಗದಲ್ಲಿ 21 ಮೀಟರು
40 ಕಿ.ಮೀ. ವೇಗದಲ್ಲಿ 32 ಮೀಟರು
60 ಕಿ.ಮೀ. ವೇಗದಲ್ಲಿ 60 ಮೀಟರು

40ರಿಂದ 60ಕ್ಕೆ ಏರಿದಾಗ ವೇಗ ಒಂದೂವರೆ ಪಾಲು ಆಯಿತು. ದೂರ ಹೆಚ್ಚುಕಡಿಮೆ ಎರಡು ಪಾಲಾಯಿತು. ಮಂಜುದೀಪ ಬೆಳಗುವ ದೂರ ನಾಲ್ವತ್ತು ಐವತ್ತು ಮೀಟರೆಂದು ಆಗಲೇ ಹೇಳಿದ್ದೇವೆ. 60ರಲ್ಲಿ ಹೋಗುವವನಿಗೆ ಅಪಾಯ ಕಂಡಾಗ ಸಮಯ ಮೀರಿರುತ್ತದೆ. ಇಳಿಜಾರಾದರೆ, ಗೋಣಿ ಹೇರಿದ್ದರೆ, ಟಯರು ಸವೆದಿದ್ದರೆ ಈ ದೂರಗಳು ಇನ್ನೂ ಹೆಚ್ಚು.

ಗಾಡಿ ನಡೆಸುತ್ತ ಮೀಟರು ಅಳೆಯುವುದು ಹೇಗೆ? ಎಣಿಕೆಯಿಂದ. ಮಂಜಿನೊಳಗಿಂದ ಒಂದು ಕಲ್ಲೋ ಕಂಬವೋ ಕಾಣಿಸಿಕೊಂಡ ಕ್ಷಣ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸತೊಡಗಿರಿ. ಒಂದೊಂದು ಎಣಿಕೆಗೂ ಸುಮಾರು ಒಂದು ಸೆಕೆಂಡು. ಗಾಡಿ ಆ ಕಂಬವನ್ನು ದಾಟುವಾಗ ಎಣಿಕೆ ಕನಿಷ್ಠ ನಾಲ್ಕಕ್ಕೆ ತಲುಪಿರಬೇಕು. ಹೇರಿದ ಗಾಡಿ ಇಳಿಯುತ್ತಿದ್ದರೆ ಆರಕ್ಕೆ ತಲುಪಿರಬೇಕು. ಎರಡು ಗಾಡಿ ಒಟ್ಟಿಗೆ ಹಿಡಿಸದ ಕಿರಿದಾದ ಎಸ್ಟೇಟ್ ರಸ್ತೆಯಲ್ಲಿ ಎದುರಿನವನೂ ನಿಲ್ಲಲು ಜಾಗ ಬೇಕಾದುದರಿಂದ ಎಂಟು ಬೇಕು. ಕಡಿಮೆಯಾದರೆ ಕಾಲನ್ನು ನಿಧಾನವಾಗಿ ಆಕ್ಸಿಲರೇಟರಿನಿಂದ ತೆಗೆಯಿರಿ.

ಮಂಜಿನಲ್ಲಿ ಬದಿಯ ಮರಗಿಡಗಳು ಕಾಣದ ಕಾರಣ ಎಷ್ಟು ವೇಗದಲ್ಲಿದ್ದೇವೆಂದು ಅಂದಾಜು ಸಿಗುವುದಿಲ್ಲ. ಮೀಟರನ್ನು ಆಗಾಗ ನೋಡಿರಿ. ಎಡ ಅಂಚಿನ ಬಿಳಿ ಪಟ್ಟೆಯನ್ನೋ ಚರಂಡಿಯನ್ನೋ ಹಿಡಿದು ಹೋಗಿರಿ. ನಡುಪಟ್ಟೆಯನ್ನು ಹಿಡಿದು ಹೋಗುವವನ ಎದುರಿಗೆ ಇನ್ನೊಬ್ಬ ಅದನ್ನೇ ಹಿಡಿದು ಬರುತ್ತಿರುತ್ತಾನೆ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ. ಹತ್ತುವ ಗಾಡಿಗೆ ದಾರಿ ಬಿಡಿರಿ. ಗಾಜು ಸ್ವಲ್ಪ ಇಳಿಸಿ, ರೇಡಿಯೋ ನಿಲ್ಲಿಸಿ, ಕಿವಿಯಿಂದಲೂ ರಸ್ತೆಯನ್ನು ನೋಡಿರಿ. ತಿರುವಿನ ಮೊದಲು ಒಂದು ಸಣ್ಣ ಹಾರ್ನ್ ಸಾಕು.

ಮುಂದಿನ ಗಾಡಿಯ ಕೆಂಪು ದೀಪವನ್ನು ನಂಬಿ ಅದರ ಬೆನ್ನಿಗೇ ಅಂಟಿಕೊಂಡು ಹೋಗುವುದು ಬಹಳ ಜನರ ಅಭ್ಯಾಸ. ಅವನು ಚರಂಡಿಗಿಳಿದರೆ ನಾವೂ ಇಳಿಯುತ್ತೇವೆ. ಅವನು ಒಮ್ಮೆಲೇ ನಿಂತರೆ ಅವನ ಮೇಲೆ ಹೋಗುತ್ತೇವೆ. ಅಮೆರಿಕದ ಟೆನೆಸಿ ರಾಜ್ಯದ ಕ್ಯಾಲ್‌ಹೂನ್ ಬಳಿಯ ಹೆದ್ದಾರಿಯಲ್ಲಿ 1990ರ ಡಿಸೆಂಬರ್ 11ರ ಬೆಳಿಗ್ಗೆ, ನಮ್ಮ ಹೊಳೆಬದಿಯ ಚಳಿಗಾಲದ ಮಂಜಿನಂಥದೇ ಮಂಜಿನಲ್ಲಿ, 99 ವಾಹನಗಳು ಒಂದಕ್ಕೊಂದು ಬಡಿದು 12 ಜನ ಸತ್ತರು. ಅಲ್ಲಿನ ತನಿಖೆ ಕಂಡುಕೊಂಡ ಮುಖ್ಯ ಕಾರಣವೆಂದರೆ, ದಟ್ಟ ಮಂಜಿಗೆ ನುಗ್ಗಿದಾಗ ಕೆಲವರು ಬಹಳ ನಿಧಾನಿಸಿದರು, ಕೆಲವರು ನಿಧಾನಿಸಲೇ ಇಲ್ಲ. ನಿಧಾನವಾಗುವುದು ಎಷ್ಟು ಮುಖ್ಯವೋ ಮಂಜಿನ ಬಾಯಿಗೆ ಬರುವ ಮೊದಲೇ, ಹಂತಹಂತವಾಗಿ, ಹಿಂದಿನವನಿಗೆ ತಿಳಿಯುವಂತೆ ನಿಧಾನವಾಗುವುದು ಅಷ್ಟೇ ಮುಖ್ಯ. ಎರಡು ಸಲ ಬ್ರೇಕನ್ನು ಹಗುರವಾಗಿ ಒತ್ತಿ ಬಿಟ್ಟರೆ ಹಿಂದಿನವನಿಗೆ ಸೂಚನೆ ಸಿಗುತ್ತದೆ.

ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡುವುದೂ ತಪ್ಪು. ಸಾಮಾನ್ಯವಾಗಿ ಆಗ ಎಡ ಬಲದ ಸೂಚನೆ ಕೊಡಲಿಕ್ಕಾಗುವುದಿಲ್ಲ; ನಿಂತಿದ್ದೇವೋ ಚಲಿಸುತ್ತಿದ್ದೇವೋ ಎಂದು ಹಿಂದಿನವನಿಗೆ ತಿಳಿಯುವುದಿಲ್ಲ. ಅದು ನಿಂತ ಗಾಡಿಯ ಗುರುತು.

ಗಾಜಿನ ಒಳಗಿನ ಮಂಜನ್ನು ಹೊರಗಿನ ಮಂಜೆಂದು ತಿಳಿಯುವವರೂ ಇದ್ದಾರೆ. ಮಳೆಯಲ್ಲಿ ನೆನೆದ ನಾಲ್ಕು ಜನ ಕೂತರೆ ಉಸಿರಿನ ತೇವವೇ ಗಾಜಿಗೆ ಕಟ್ಟುತ್ತದೆ. ಏಸಿ ಇದ್ದರೆ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ ಹಾಕಿರಿ. ಇಲ್ಲವಾದರೆ ಗಾಜು ತುಸು ಇಳಿಸಿ, ಒಣ ಹತ್ತಿ ಬಟ್ಟೆ ಕೈಗೆಟಕುವಂತೆ ಇಟ್ಟುಕೊಳ್ಳಿರಿ.

ಏನೂ ಕಾಣದಾದಾಗ

ಎಣಿಕೆ ಎರಡಕ್ಕೂ ತಲುಪದಷ್ಟು ಮಂಜಾದರೆ ಮುಂದುವರಿಯಬಾರದು. ಆದರೆ ರಸ್ತೆಯ ಮೇಲೆಯೇ, ಅದರಲ್ಲೂ ತಿರುವಿನಲ್ಲಿ ನಿಲ್ಲಿಸುವುದು ಇನ್ನೂ ಅಪಾಯ. ರಸ್ತೆಯಿಂದ ಪೂರ್ತಿ ಹೊರಗೆ, ಧರೆ ಜರಿಯದ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಒಳಗಿದ್ದವರು ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಕೆಟ್ಟು ನಿಂತರೆ ಕೆಂಪು ತ್ರಿಕೋನವನ್ನು ಗಾಡಿಯ ಬುಡದಲ್ಲಿಟ್ಟು ಪ್ರಯೋಜನವಿಲ್ಲ. ಕನಿಷ್ಠ ಐವತ್ತು ಹೆಜ್ಜೆ ಹಿಂದೆ, ತಿರುವಿದ್ದರೆ ತಿರುವಿನ ಆಚೆಗೆ ಇಡಬೇಕು. ಸೊಪ್ಪು ಅಡ್ಡ ಇಟ್ಟವರು ಹೊರಡುವಾಗ ತೆಗೆದು ಹೋಗಬೇಕು.

2018ರ ಆಗಸ್ಟಿನಲ್ಲಿ ಮಡಿಕೇರಿ ಸಂಪಾಜೆ ರಸ್ತೆಯೂ 2019ರ ಆಗಸ್ಟಿನಲ್ಲಿ ಚಾರ್ಮಾಡಿಯೂ ಧರೆ ಕುಸಿದು ಮುಚ್ಚಿದ್ದು ನಮಗೆಲ್ಲ ನೆನಪಿದೆ. ಮಂಜಿನಲ್ಲಿ ಕುಸಿದ ಮಣ್ಣು ಕಾಣುವುದಿಲ್ಲ, ಬಿದ್ದ ಮರ ಕಾಣುವುದಿಲ್ಲ. ದೊಡ್ಡ ಮಳೆಯ ದಿನಗಳಲ್ಲಿ ಘಾಟಿ ತೆರೆದಿದೆಯೇ, ರಾತ್ರಿ ಬಿಡುತ್ತಾರೆಯೇ ಎಂದು ವಿಚಾರಿಸಿಯೇ ಹೊರಡಬೇಕು. ಒಂದು ದಿನದ ಸ್ಪ್ರೇ ತಪ್ಪಿದರೆ ನಾಲ್ಕು ಕಾಯಿ ಕೊಳೆತೀತು. ನಾವು ಅಂದು ಮೂರು ಗಂಟೆಗೆ ಹೊರಟದ್ದೇ ಮೊದಲ ತಪ್ಪೆಂದು ಈಗ ಅನಿಸುತ್ತದೆ.

ಯಾವಾಗ ಆರಿಸಬೇಕು?

ಹಾಕುವುದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಆರಿಸುವುದನ್ನು. ಮಂಜು ದಾಟಿದೊಡನೆ ಮೊದಲು ಹಿಂದಿನ ಮಂಜುದೀಪ ಆರಬೇಕು. ಸ್ವಚ್ಛ ರಾತ್ರಿಯಲ್ಲಿ ಅದು ಹಿಂದಿನವನ ಕಣ್ಣನ್ನು ಕುಕ್ಕುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಪ್ರಖರ ಕೆಂಪಿನ ಬದಿಯಲ್ಲಿ ನಮ್ಮ ಬ್ರೇಕ್ ದೀಪ ಉರಿದದ್ದೇ ಅವನಿಗೆ ತಿಳಿಯುವುದಿಲ್ಲ. ನಂತರ ಮುಂದಿನದೂ ಆರಬೇಕು. ಅದು ಗಾಡಿಯ ಬುಡವನ್ನೇ ಬಹಳ ಬೆಳಗುವುದರಿಂದ, ಸ್ವಚ್ಛ ರಾತ್ರಿಯಲ್ಲಿ ನಮ್ಮ ಕಣ್ಣು ಆ ಬೆಳಕಿಗೆ ಹೊಂದಿಕೊಂಡು ದೂರದ ಕತ್ತಲಲ್ಲಿರುವುದನ್ನು ಕಾಣಲಾರದೆ ಹೋಗುತ್ತದೆ.

ಘಾಟಿ ಇಳಿದು ಚಾರ್ಮಾಡಿಯ ಪೇಟೆ, ಗುಂಡ್ಯ, ಸಂಪಾಜೆ ಬಂದೊಡನೆ ಒಮ್ಮೆ ಡ್ಯಾಶ್‌ಬೋರ್ಡ್ ನೋಡುವ ಅಭ್ಯಾಸ ಮಾಡಿಕೊಂಡರೆ ಮರೆವು ತಪ್ಪುತ್ತದೆ. ಮಣ್ಣಗುಡ್ಡದಂಥ ಏರುತಗ್ಗಿನ ವಸತಿ ಪ್ರದೇಶದಲ್ಲಿ ಏರುವ ಗಾಡಿಯ ದೀಪ ಎದುರಿನವರ ಮುಖಕ್ಕೇ ನಿಲ್ಲುತ್ತದೆ. ದೇವಸ್ಥಾನಕ್ಕೆ ಹೋಗಿ ಬರುವ ಮುದುಕರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು ಅಲ್ಲಿ ನಡೆಯುತ್ತಿರುತ್ತಾರೆ. ಘಾಟಿಯಲ್ಲಿ ಜೀವ ಉಳಿಸುವ ದೀಪವೇ ಅಲ್ಲಿ ಅವರನ್ನು ಕ್ಷಣಕಾಲ ಕುರುಡರನ್ನಾಗಿ ಮಾಡುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಾರ್ಯಾಚರಣೆ ನಡೆಸಿ ದಂಡ ಹಾಕಿದ್ದನ್ನೂ ನೆನಪಿಡಬೇಕು.

ದೀಪ ಕೂರಿಸುವವರಿಗೆ

ಹಳೆಯ ಜೀಪಿಗೆ ಮಂಜುದೀಪ ಹಾಕಿಸುವ ಸದಸ್ಯರು ಈ ಅಂಶಗಳನ್ನು ಗಮನಿಸಬೇಕು.

1. ದೀಪ ಬಂಪರಿನ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರಲಿ. ಜೀಪಿನ ತಲೆಯ ಮೇಲೆ ಸಾಲು ದೀಪ ಕಟ್ಟುವುದು ಹಣೆಯ ಟಾರ್ಚಿನ ಪ್ರಯೋಗವೇ. ಮಂಜಿನಲ್ಲಿ ಅದು ಹಾಕಿದವನಿಗೇ ಶತ್ರು. ಕಾನೂನಿನ ತೊಂದರೆ ಬೇರೆ.

2. ಸಾಮಾನ್ಯ ಹ್ಯಾಲೊಜನ್ ಮಂಜುದೀಪದ ಬಲ್ಬು 55 ವ್ಯಾಟಿನದು. ಎರಡಕ್ಕೆ 110 ವ್ಯಾಟು. 12 ವೋಲ್ಟಿನ ಬ್ಯಾಟರಿಯಿಂದ ಒಂಬತ್ತು ಆಂಪಿಯರಿಗೂ ಮೀರಿ ಕರೆಂಟು ಹರಿಯುತ್ತದೆ. ಅದನ್ನು ನೇರ ಗುಂಡಿಯ ಮೂಲಕ ಹರಿಸಿದರೆ ಗುಂಡಿ, ವಯರು ಕಾದು ಕರಗುವ ಸಂಭವವುಂಟು. ರಿಲೇ ಮತ್ತು ಫ್ಯೂಸ್ ಹಾಕಿಸಲೇಬೇಕು.

3. ಬಾಗು ಸರಿಮಾಡಲು ಕಾಫಿ ಕಣದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹೆಚ್ಚುಕಡಿಮೆ ಸಮತಟ್ಟಾದ ಕಣದಲ್ಲಿ ಗೋದಾಮಿನ ಗೋಡೆಗೆ ಎದುರಾಗಿ 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿರಿ. ದೀಪದ ನಡುಮಧ್ಯದ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಆ ಗೆರೆಗಿಂತ ನಾಲ್ಕು ಇಂಚು ಕೆಳಗೆ ಬೀಳಬೇಕು.

4. ಈ ಪರೀಕ್ಷೆಯನ್ನು ಹೇರು ಹೇರಿಯೇ ಮಾಡಿರಿ. ಹಿಂದೆ ಗೋಣಿ ತುಂಬಿದಾಗ ಗಾಡಿಯ ಮೂತಿ ಮೇಲಕ್ಕೇಳುತ್ತದೆ. ದೀಪವೂ ಅದರೊಡನೆ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಸರಿಯಿದ್ದ ಡಿಮ್ ದೀಪವೂ ತುಂಬಿದ ಗಾಡಿಯಲ್ಲಿ ಎದುರಿನವನ ಕಣ್ಣಿಗೆ ಬ್ರೈಟ್ ಆಗಿರುತ್ತದೆ.

ಕಾಣುವುದಕ್ಕಿಂತ ಕಾಣಿಸಿಕೊಳ್ಳುವುದು

ಕೊನೆಗೆ, ನಮ್ಮ ಗಾಡಿಗಳ ಹಿಂಭಾಗವನ್ನು ಒಮ್ಮೆ ನೋಡೋಣ. ಕೆಸರು ಮೆತ್ತಿದ ಹಿಂದೀಪ, ಅದರ ಮೇಲೆ ಜೋತುಬಿದ್ದ ತಾಡಪಾಲು, ಬಲ್ಬೇ ಇಲ್ಲದ ಟ್ರೇಲರು. ಸಾರಿಗೆ ವಾಹನಗಳಿಗೆ ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ ಹೊಳೆಯುವ ಪಟ್ಟಿ ಅಂಟಿಸಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ಹೊರಡುವ ಮೊದಲು ಒಂದು ಒದ್ದೆ ಬಟ್ಟೆಯಿಂದ ಆರು ದೀಪ ಒರೆಸಲು ಎರಡು ನಿಮಿಷವೂ ಬೇಡ.

ಕೊಯ್ಲಿನ ದಿನಗಳಲ್ಲಿ ಬೆಳಗಿನ ಮಂಜಿನಲ್ಲಿ ಬುತ್ತಿ ಹಿಡಿದು ರಸ್ತೆಯ ಬದಿಯಲ್ಲಿ ನಡೆದು ಬರುವವರು ನಮ್ಮ ತೋಟದ ಕೆಲಸದವರೇ. ಅವರ ಬಳಿ ದೀಪವಿಲ್ಲ. ಕಂಬಳಿ, ಗೊಪ್ಪೆ ಎಲ್ಲ ಮಾಸಿದ ಬಣ್ಣದವು. ಅವರಿಗೆ ಹೊಳೆಯುವ ಪಟ್ಟಿಯ ಒಂದೊಂದು ಅಂಗಿ ಕೊಡಿಸುವುದು, ಎದುರಿನಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಲು ಹೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ.

ನೆನಪಿಡಬೇಕಾದ ಅಂಶಗಳು

1. ಮಂಜಿನಲ್ಲಿ ಬ್ರೈಟ್ ಬೇಡ. ಡಿಮ್ ಮತ್ತು ಮಂಜುದೀಪ.
2. 100 ಮೀಟರು ಕಾಣದಿದ್ದರೆ ಮುಂದಿನ ಮಂಜುದೀಪ. 50 ಮೀಟರು ಕಾಣದಿದ್ದರೆ ಹಿಂದಿನದೂ.
3. ಕಂಬ ಕಂಡು ದಾಟುವಾಗ ಎಣಿಕೆ ನಾಲ್ಕು. ಹೇರಿನೊಡನೆ ಇಳಿಯುವಾಗ ಆರು. ಕಿರಿದಾದ ರಸ್ತೆಯಲ್ಲಿ ಎಂಟು.
4. ನಾಲ್ಕೂ ಇಂಡಿಕೇಟರ್ ನಿಂತ ಗಾಡಿಗೆ ಮಾತ್ರ.
5. ಮಂಜು ಸರಿದೊಡನೆ ಮಂಜುದೀಪ ಆರಲಿ.

ಬೆಳೆಗೆ ಔಷಧಿಯ ಅಳತೆ ಹೇಗೋ ಗಾಡಿಗೆ ಬೆಳಕಿನ ಅಳತೆಯೂ ಹಾಗೆಯೇ. ಬೇಕಾದಷ್ಟು, ಬೇಕಾದಾಗ, ಬೇಕಾದ ಕಡೆಗೆ. ಸದಸ್ಯರು ಇದನ್ನು ಓದಿ, ಮನೆಯಲ್ಲಿ ಗಾಡಿ ನಡೆಸುವ ಮಕ್ಕಳಿಗೂ ತೋಟದ ಚಾಲಕರಿಗೂ ಓದಿಸಬೇಕೆಂದು ಕೋರುತ್ತೇವೆ. ಮುಂದಿನ ಸಲ ಘಾಟಿಯಲ್ಲಿ ಬಿಳಿ ಗೋಡೆ ಎದ್ದಾಗ ಆ ಹಿರಿಯ ಚಾಲಕರ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ನಾವು ನೋಡಬೇಕಾದದ್ದು ಮಾರ್ಗವನ್ನು, ತಲುಪಬೇಕಾದದ್ದು ಮನೆಯನ್ನು.